ಹಸಿ ಮಣ್ಣು

ಮಂಚದ ಪಕ್ಕದ ಪುದೀನಾ ಕುಂಡದಲ್ಲಿ ಬೆರಳೂರಿದ ಜಾಯ್ಸ್ ಸರಕ್ಕನೆ ಕೈ ಎಳೆದುಕೊಂಡಳು. ಮಣ್ಣು ಹಸಿಯಾಗಿತ್ತು. ಸಾಸಿವೆಯಷ್ಟು ಸಣ್ಣ ನುಸಿಗಳು ಎದ್ದು ಮುಖಕ್ಕೆ ಮುತ್ತಿದವು.

"ಹಸಿ ಮಣ್ಣಾಗ ತತ್ತಿ ಇಡತಾವ, ನೀರು ಹಾಕಬ್ಯಾಡ" ಎಂದು ಅಕ್ಕ ಫೋನಿನಲ್ಲಿ ಹೇಳಿ ವಾರವಾಗಿತ್ತು. ಅಂದಿನಿಂದ ಅವಳು ಕುಂಡಕ್ಕೆ ಹನಿ ನೀರು ಹಾಕಿರಲಿಲ್ಲ. ಮಹಡಿಯ ಈ ಬಾಡಿಗೆ ಕೋಣೆಯಲ್ಲಿ ಇರುವವಳು ಅವಳೊಬ್ಬಳೇ. ಕೆಲಸಕ್ಕೆ ಹೊರಡುವಾಗ ಕೀಲಿ ಹಾಕಿ, ಜಗ್ಗಿ ನೋಡಿಯೇ ಇಳಿಯುವವಳು.

ಓಢಣಿಗೆ ಬೆರಳೊರೆಸಿಕೊಳ್ಳುತ್ತ ಕೆಳಗಿಳಿದಳು. ಮನೆ ಮಾಲೀಕ ಕಲ್ಲೇಶ ಕಾಕಾ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದರು. ಬಾಡಿಗೆಗೆ ಬಂದ ಮೇಲೆ ಅವರು ಒಮ್ಮೆಯೂ ಮಹಡಿ ಹತ್ತಿದ್ದನ್ನು ಅವಳು ಕಂಡಿರಲಿಲ್ಲ.

"ಕಾಕಾ, ಪುದೀನಾ ಗಿಡದಾಗ ಹುಳಾ ಭಾಳ ಆಗ್ಯಾವ್ರಿ."

"ಆಗಲಾರದ ಏನ ಮಾಡತಾವವಾ?" ಕಾಕಾ ಪೇಪರಿನಿಂದ ತಲೆ ಎತ್ತಲಿಲ್ಲ. "ಮಂಚದ ಬಾಜೂಕ ಇಟ್ರ ಬಿಸಲು ಎಲ್ಲಿಂದ ಬೀಳಬೇಕು?"