ಪಕ್ಕದ ಕುರ್ಚಿ

ವಾರ್ಡಿನಲ್ಲಿ ತಲೆಸುತ್ತಿ ಬಿದ್ದದ್ದೇ ನರ್ಸ್ ಜಯಶೀಲಾಳ ತಪ್ಪಾಯಿತು. ಊಟವಿಲ್ಲದೆ ಎರಡು ಪಾಳಿ ದುಡಿದವಳು ಬಿದ್ದಿದ್ದಳು, ನಿಜ. ಆದರೆ ಹಿಂದೊಮ್ಮೆ ಕುಡಿದು ಡ್ಯೂಟಿಗೆ ಬಂದು ಸಿಕ್ಕಿಬಿದ್ದವಳ ಮಾತನ್ನು ಯಾರು ನಂಬುತ್ತಾರೆ? ಆಗಲೇ ರಕ್ತ ಪರೀಕ್ಷೆ ಮಾಡಿಸೋಣವೆಂದು ಒಬ್ಬರಿಗೂ ಹೊಳೆಯಲಿಲ್ಲ. ಮತ್ತೆ ಕುಡಿದಿದ್ದಾಳೆಂದು ನೇರ ವಿಚಾರಣೆಗೆ ಕರೆದರು.

"ಬಿಟ್ಟು ವರ್ಷ ಆಯ್ತು ಸರ್. ಪ್ರತಿ ಭಾನುವಾರ ಕುಡಿತ ಬಿಟ್ಟವರ ಸಭೆಗೆ ಹೋಗ್ತೀನಿ," ಎಂದಳು.

ಮೇಜಿನಾಚೆ ಸೂಪರಿಂಟೆಂಡೆಂಟ್ ಡಾಕ್ಟರು ಕನ್ನಡಕ ಒರೆಸುತ್ತಿದ್ದರು. "ಅದಕ್ಕೆ ಸಾಕ್ಷಿ?"

"ಅಲ್ಲಿ ನನ್ನ ಪಕ್ಕದ ಕುರ್ಚೀಲಿ ಕೂರೋರಿಗೆ ಎಲ್ಲಾ ಗೊತ್ತು. ಕುಡೀಬೇಕು ಅಂತ ಜೀವ ಒದ್ದಾಡಿದಾಗ ಅವರು ನನಗೆ ಫೋನ್ ಮಾಡ್ತಾರೆ, ನಾನು ಅವರಿಗೆ ಮಾಡ್ತೀನಿ."

"ಹೆಸರು ಹೇಳಿ."

"ಅಲ್ಲಿರೋರ ಹೆಸರು ಹೊರಗೆ ಹೇಳಲ್ಲ ಅಂತ ಮಾತು ಕೊಟ್ಟಿದೀವಿ ಸರ್. ಅವರಾಗೇ ಬಾಯಿ ಬಿಡಬೇಕು."

ಪಕ್ಕದಲ್ಲಿದ್ದ ಮೇಟ್ರನ್‌ಗೆ ತಡೆಯಲಾಗಲಿಲ್ಲ. "ಅಯ್ಯೋ, ಹೇಳ್ಬಿಡಮ್ಮ! ನಿನ್ನ ಕೆಲಸ ಹೋಗೋ ಹೊತ್ತಲ್ಲಿ ಯಾರ ಮಾನ ಕಾಯ್ತಾ ನಿಂತಿದೀಯ?"

ಜಯಶೀಲಾ ಕಾದಳು. ಡಾಕ್ಟರು ಕನ್ನಡಕ ಹಾಕಿಕೊಂಡು ಪೆನ್ನಿನ ಮುಚ್ಚಳ ತೆಗೆದರು.

"ಹಾಗಾದ್ರೆ ಸಾಕ್ಷಿ ಇಲ್ಲ," ಎಂದು ಡಾಕ್ಟರು ಅವಳ ಸಸ್ಪೆನ್ಷನ್ ಆರ್ಡರಿಗೆ ಸಹಿ ಹಾಕಿದರು.

ಭಾನುವಾರ ಅವಳು ಸಭೆಗೆ ಹೋಗಿ ಎಂದಿನ ಜಾಗದಲ್ಲೇ ಕೂತಳು. ಪಕ್ಕದ ಕುರ್ಚಿಯಿಂದ ಅದೇ ಸೂಪರಿಂಟೆಂಡೆಂಟ್ ಡಾಕ್ಟರು ಎದ್ದು ನಿಂತು, "ಈ ವಾರ ತುಂಬಾ ಕಷ್ಟ ಆಯ್ತು, ಆದ್ರೂ ನಾನು ಮುಟ್ಟಲಿಲ್ಲ," ಎಂದಾಗ ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು.