ಕೊನೆತನಕ ಕಟ್ಟಿದ ಮಾಲೆ

ಹೆಬ್ಬಾಳದ ಫ್ಲೈಓವರ್ ಕೆಳಗೆ ಹೂವಿನ ಬುಟ್ಟಿಗಳಿಂದ ಒದ್ದೆ ಬಾಳೆನಾರಿನ ವಾಸನೆ ಬಂದರೆ ಇವತ್ತಿಗೂ ನನ್ನ ಬೆರಳುಗಳು ತಾವಾಗಿಯೇ ಗಂಟು ಹುಡುಕುತ್ತವೆ.

ಅಮೃತಹಳ್ಳಿಯ ನಮ್ಮ ಮನೆಯಲ್ಲಿ, ಚಿಕ್ಕವಳಿದ್ದಾಗ ನಾನು ಒಂದು ಕಡೆ ಕೂತು ಊಟ ಮುಗಿಸಿದ್ದನ್ನು ಯಾರೂ ಕಂಡಿರಲಿಲ್ಲ. ಇದು ತುಂಟತನವಲ್ಲ, ಗಮನ ನಿಲ್ಲದ ತೊಂದರೆ ಎಂದು ಗಂಗಾನಗರದ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದರು. ನುಂಗಲು ಶುರು ಮಾಡಿದ ವಾರದಲ್ಲೇ ಒಂದು ಮಧ್ಯಾಹ್ನ ಅಜ್ಜಿಯ ಪಕ್ಕ ಹೂವು ಕಟ್ಟಲು ಕೂತೆ. ನಾರು ಬೆರಳಿಗೆ ತಣ್ಣಗಿತ್ತು. ಅಂಗಳದಲ್ಲಿ ಕಾಗೆ ಕೂಗಿತು, ಗೇಟಿನಾಚೆ ಸೊಪ್ಪಿನವಳು ಹೋದಳು, ನಾನು ಏಳಲಿಲ್ಲ. ಬುಟ್ಟಿ ಖಾಲಿಯಾದಾಗ ನನ್ನ ಲಂಗದ ತುಂಬ ಮಾಲೆಯಿತ್ತು. ಎತ್ತಿ ತೋರಿಸಿದೆ.

ಅಜ್ಜಿ ಮಾಲೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಏಳ್ದಂಗೆ ಇಂಗ್ ಕುಂತದಲ್ಲ ಕೂಸು, ಯಾರ ಕಣ್ಣು ಬಿತ್ತೋ," ಎಂದು ಅಮ್ಮನನ್ನು ಕರೆದರು.

"ಮಾತ್ರೆಯಿಂದ ಕಣತ್ತೆ. ಡಾಕ್ಟ್ರು ಹೇಳಿದ್ರಲ್ಲ," ಅಂದರು ಅಮ್ಮ.

"ಮಗೀನ ಮಂಕು ಮಾಡೋ ಮಾತ್ರೆ ನಮ್ಗ್ ಬ್ಯಾಡ."

ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬಾರದಿದ್ದರೆ ದೃಷ್ಟಿ ಆಗಿರುವುದು ಖಾತ್ರಿ ಎಂದು ಮನೆಯವರೆಲ್ಲ ನಂಬುತ್ತಿದ್ದರು. ಅಮ್ಮ ಮಾತ್ರೆಯ ಡಬ್ಬಿಯನ್ನು ಬೀರುವಿನ ಮೇಲೆ ಎತ್ತಿಟ್ಟರು. ಅದು ಮತ್ತೆ ಕೆಳಗಿಳಿಯಲಿಲ್ಲ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಕೆಲವು ದಿನ ಬಿಟ್ಟು ಮತ್ತೆ ಹೂವು ಕಟ್ಟಲು ಕೂತೆ. ನಾಲ್ಕು ಹೂವಿಗೇ ನಾರು ಕೈಜಾರಿತು. ಅಂಗಳದಲ್ಲಿ ಕಾಗೆ ಕೂಗಿತು, ಎದ್ದು ಓಡಿದೆ.

ಹಿಂದಿನಿಂದ ಅಜ್ಜಿಯ ನೆಮ್ಮದಿಯ ದನಿ ಕೇಳಿಸಿತು: "ನೋಡವ್ವ, ನಮ್ ಕೂಸು ನಮ್ಗೆ ವಾಪಸ್ ಬಂತು."