ಹನ್ನೆರಡು ಗಂಟೆಯೊಳಗೆ ಕೊಡಬೇಕಾದ ಪಟ್ಟಿ

ಮೂರನೆಯ ಬೇಸ್‌ಬಾಲ್ ಆಟಕ್ಕೂ ಹಾರ್ಲನ್ ಬಂದು ಕೂತಿದ್ದ. ಅದೇ ಜಾಗ, ಬ್ಯಾಟ್ ಬೀಸುವವನ ಬೆನ್ನಿಗಿರುವ ತಂತಿ ಬಲೆಯ ಹಿಂದೆ. ಅದೇ ಸಣ್ಣ ಪುಸ್ತಕ, ಕಿವಿಗೆ ಸಿಕ್ಕಿಸಿದ ಅದೇ ಪೆನ್ಸಿಲ್.

ಎಲ್ಡನ್ ಮುಖಗವಸು ತೆಗೆದು, ಬೆವರು ಒರೆಸುವ ನೆಪದಲ್ಲಿ ಅವನನ್ನು ದುರುಗುಟ್ಟಿ ನೋಡಿದ. ಕೆಟಲ್ ಲೇಕ್ ತಂಡದ ಮ್ಯಾನೇಜರ್ ತನ್ನ ಬಿಡುವಿನ ದಿನ ಸೇಂಟ್ ಒಡಿಲಾದಂಥ ಪುಟ್ಟ ಊರಿಗೆ ಬಂದು ಬಿಸಿಲಲ್ಲಿ ಬೇಯುವುದು ಸುಮ್ಮನೆ ಅಲ್ಲ. ಅವನು ಬಂದಿರುವುದು ಕೋಲ್ಬಿಗಾಗಿ. ಮೂರು ವಾರಗಳಿಂದ ಅನುಮಾನವಿತ್ತು, ಇವತ್ತು ಖಾತ್ರಿಯಾಯಿತು.

ಕೋಲ್ಬಿ ಊರಿನ ಶಾಲೆಯ ಮೇಷ್ಟ್ರು, ತಂಡಕ್ಕೆ ಚೆಂಡು ಎಸೆಯುವ ಪಿಚರ್. ಅವನು ಎಸೆದರೆ ಎದುರಾಳಿಯ ಬ್ಯಾಟಿಗೆ ಗಾಳಿಯೇ ಗತಿ. ಎಲ್ಡನ್ ತಂಡದ ಮ್ಯಾನೇಜರ್. ಬ್ಯಾಟ್ ಬೀಸುವವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಆ ಚೆಂಡು ಹಿಡಿಯುವ ಕ್ಯಾಚರ್ ಕೂಡ ಅವನೇ. ಆಟದ ಹಿಂದಿನ ದಿನ ಮೈದಾನದ ಹುಲ್ಲು ಕತ್ತರಿಸುವ ಕೆಲಸವೂ ಅವನ ತಲೆಗೇ ಬಿದ್ದಿತ್ತು.

ಆಟ ಮುಗಿದ ಮೇಲೆ ಸಾಸೇಜ್ ಅಂಗಡಿಯಲ್ಲಿದ್ದ ಅತ್ತಿಗೆ ಮಾರ್ಲಿಸ್ ಅವನನ್ನು ಪಕ್ಕಕ್ಕೆ ಕರೆದಳು.

“ಆ ಹಾರ್ಲನ್ ಏನೇನೋ ಕೇಳ್ದ ಕಣೋ. ಮೊಣಕಾಲು ಸರಿಯಾಗಿದೆಯಾ, ರಾಜ್ಯ ಪಂದ್ಯಾವಳಿ ನಡೆಯೋ ಲೇಬರ್ ಡೇ ವಾರ ಕೆಲಸಕ್ಕೆ ರಜೆ ಸಿಗುತ್ತಾ ಅಂತ.”

“ನೀವೇನಂದ್ರಿ ಅತ್ತಿಗೆ?”

“ಹಾಟ್‌ಡಾಗ್ ತಗೊಳ್ಳೋರಿಗೆ ಮಾತ್ರ ಉತ್ತರ ಅಂದೆ. ಎರಡು ತಗೊಂಡ. ಆಮೇಲೂ ನಾನು ಬಾಯಿ ಬಿಡಲಿಲ್ಲ.”

ಜುಲೈನಲ್ಲಿ ಕೋಲ್ಬಿ ಜಾರಿ ಬಿದ್ದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡಿದ್ದು ನಿಜ. ಇದೆಲ್ಲ ಈ ಮನುಷ್ಯನಿಗೆ ಹೇಗೆ ಗೊತ್ತು?

ಮಿನೆಸೋಟಾದ ಆ ಭಾಗದ ಲೀಗಿನಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ಪಂದ್ಯ ಗೆದ್ದವರು ರಾಜ್ಯ ಪಂದ್ಯಾವಳಿಗೆ ಹೋಗುತ್ತಾರೆ. ಹೋಗುವಾಗ, ಸೋತವರ ತಂಡದಿಂದ ತಮಗೆ ಬೇಕಾದವರನ್ನು ಆರಿಸಿ ಜೊತೆಗೆ ಕರೆದೊಯ್ಯಬಹುದು. ಎರಡು ವಾರದ ಮಟ್ಟಿಗೆ ಎನ್ನುವುದು ಹೇಳಿಕೆಗೆ. ಹೋದ ವರ್ಷ ಹಾಗೆ ಹೋದ ಒಬ್ಬ ಎಡಗೈ ಆಟಗಾರ ಕೆಟಲ್ ಲೇಕ್‌ನ ಮೈದಾನದ ಒಳ್ಳೆಯ ದೀಪ, ಒಳ್ಳೆಯ ಬಿಯರ್ ನೋಡಿ ಅಲ್ಲೇ ಬೇರುಬಿಟ್ಟ. ಕೋಲ್ಬಿಯೂ ಹಾಗೆ ಹೋದರೆ ಬರುವ ವರ್ಷ ಸೇಂಟ್ ಒಡಿಲಾಕ್ಕೆ ತಂಡವೇ ಇರುವುದಿಲ್ಲ. ಮೈದಾನದಲ್ಲಿ ಜೋಳ ಬೆಳೆಯಬೇಕಷ್ಟೆ.

ಎಲ್ಡನ್ ಇಪ್ಪತ್ತೆರಡು ವರ್ಷ ಆಡಿದ್ದ. ಐದು ಸಲ ಕೊನೆಯ ಪಂದ್ಯದವರೆಗೆ ಬಂದು, ಐದು ಸಲವೂ ಸೋತು, ರಾಜ್ಯ ಪಂದ್ಯಾವಳಿಯನ್ನು ಟಿಕೆಟ್ ಕೊಂಡು ನೋಡಿ ಬಂದಿದ್ದ. ಒಮ್ಮೆಯಾದರೂ ಅಲ್ಲಿ ಆಡಬೇಕೆಂಬ ಆಸೆ ಅವನನ್ನು ಸುಡುತ್ತಿತ್ತು. ಇದೇ ಕೊನೆಯ ವರ್ಷವೆಂದು ಹೆಂಡತಿಗೆ ಮಾತು ಬೇರೆ ಕೊಟ್ಟಾಗಿತ್ತು. ಈ ಸಲದ ಕೊನೆಯ ಪಂದ್ಯ ಮುಂದಿನ ಭಾನುವಾರ, ಅದೇ ಕೆಟಲ್ ಲೇಕ್ ಮೇಲೆ.

ಗೆದ್ದರೆ ಚಿಂತೆಯಿಲ್ಲ. ಸೋತರೆ? ಪಂದ್ಯದ ದಿನ ಮಧ್ಯಾಹ್ನ ಹನ್ನೆರಡರೊಳಗೆ ಎರಡೂ ತಂಡಗಳು, ಸೋತರೆ ಯಾರು ಯಾರು ಹೋಗಲು ಸಿದ್ಧ ಎಂಬ ಪಟ್ಟಿಯನ್ನು ಲಕೋಟೆಯಲ್ಲಿಟ್ಟು ಲೀಗಿನ ಕಾರ್ಯದರ್ಶಿ ಆಲ್ಬನ್ ಕೈಗೆ ಕೊಡಬೇಕು. ಪಟ್ಟಿಯಲ್ಲಿ ಇಲ್ಲದವನನ್ನು ದೇವರೇ ಬಂದು ಕೇಳಿದರೂ ಆಲ್ಬನ್ ಕಳಿಸುವವನಲ್ಲ.

ಭಾನುವಾರ ಬೆಳಿಗ್ಗೆ ಎಲ್ಡನ್ ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತ. ಕೋಲ್ಬಿಯ ಹೆಸರೊಂದನ್ನೇ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಕೋಲ್ಬಿಯೇ ಜಗಳಕ್ಕೆ ನಿಲ್ಲುತ್ತಾನೆ. ಕೊನೆಗೆ ಹೀಗೆ ಬರೆದ: “ಯಾರೂ ಇಲ್ಲ. ಎಲ್ಲರಿಗೂ ಕೆಲಸ.” ತಂಡದ ಯಾರನ್ನೂ ಕೇಳದೆ ಬರೆದದ್ದು ತಪ್ಪು ಅನ್ನಿಸದೆ ಇರಲಿಲ್ಲ. ಉಳಿದವರನ್ನು ಯಾರು ಕರೆಯುತ್ತಾರೆ ಎಂದು ಸಮಾಧಾನ ಮಾಡಿಕೊಂಡು ಸಹಿ ಹಾಕಿದ.

ಲಕೋಟೆಯನ್ನು ಆಲ್ಬನ್ ಕೈಗಿಟ್ಟು ಬರುವಾಗ ಮೈದಾನದ ಬಾಗಿಲಲ್ಲೇ ಹಾರ್ಲನ್ ಎದುರಾದ.

“ಪಟ್ಟಿ ಕೊಟ್ಯಾ ಎಲ್ಡನ್?”

“ಕೊಟ್ಟಾಯ್ತು.”

“ಒಳ್ಳೆ ಹೆಸರು ಯಾವುದೂ ಬಿಟ್ಟಿಲ್ಲ ತಾನೆ?”

“ಗೆಲ್ಲೋ ಮುಂಚೆನೇ ಬುಟ್ಟಿ ಹಿಡ್ಕೊಂಡು ಬಂದ್ರಾ?” ಎಂದ ಎಲ್ಡನ್. ಹಾರ್ಲನ್ ನಕ್ಕ. ಆ ನಗು ಎಲ್ಡನ್‌ಗೆ ಒಂದಿಷ್ಟೂ ಹಿಡಿಸಲಿಲ್ಲ.

ಆಟ ಕೊನೆಯ ಚೆಂಡಿನವರೆಗೂ ಜಗ್ಗಾಡಿತು. ಕೆಟಲ್ ಲೇಕ್‌ನ ಕ್ಯಾಚರ್ ಯಾರೋ ಹೊಸಬ. ಎರಡು ಸಲ ಚೆಂಡು ಕೈಬಿಟ್ಟ, ಸೇಂಟ್ ಒಡಿಲಾಕ್ಕೆ ಎರಡು ರನ್ ಪುಕ್ಕಟೆ ಸಿಕ್ಕವು. ಇತ್ತ ಎಲ್ಡನ್ ಒಂದು ಚೆಂಡನ್ನೂ ಕೈಬಿಡಲಿಲ್ಲ. ಪಿಚರ್ ಚೆಂಡೆಸೆಯುವ ಹೊತ್ತಿಗೆ ಮುಂದಿನ ಬೇಸಿಗೆ ಕದ್ದು ಓಡಿದ ಮೂವರನ್ನು ಕೂತಲ್ಲಿಂದಲೇ ಚೆಂಡೆಸೆದು ಔಟ್ ಮಾಡಿಸಿದ. ಆದರೂ ಸೋತರು. ಮೂರಕ್ಕೆ ಎರಡು.

ಎಲ್ಡನ್ ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆರನೆಯ ಸಲ. ಹೋಗಲಿ, ಕೋಲ್ಬಿಯಂತೂ ಉಳಿದ.

ಸಾಸೇಜ್ ಅಂಗಡಿಯ ಪಕ್ಕದ ಮೇಜಿನ ಬಳಿ ಎಲ್ಲರೂ ಸೇರಿದರು. ಆಲ್ಬನ್ ಕನ್ನಡಕ ಸರಿಮಾಡಿಕೊಂಡು ಲಕೋಟೆ ಹರಿದು ಓದಿದ. ಸೇಂಟ್ ಒಡಿಲಾದ ಆಟಗಾರರು ಮುಖ ಮುಖ ನೋಡಿಕೊಂಡರು. ಹಾರ್ಲನ್ ಮುಖ ಇಳಿದುಹೋಯಿತು. ಪಟ್ಟಿ ತಿದ್ದಲು ದಾರಿಯಿದೆಯೇ ಎಂದು ಮೆಲ್ಲಗೆ ಕೇಳಿದ. ಹನ್ನೆರಡಕ್ಕೆ ಮುಗಿದ ಮಾತು ಅದು ಎಂದ ಆಲ್ಬನ್.

ಎಲ್ಡನ್‌ಗೆ ಸೋಲಿನ ನಡುವೆಯೂ ಒಂದು ಗುಟುಕು ಖುಷಿಯಾಯಿತು. “ಕೋಲ್ಬಿ ಮೇಲಿನ ಆಸೆ ಬಿಟ್ಬಿಡಿ ಹಾರ್ಲನ್. ಮೂರು ವಾರ ಬಿಸಿಲಲ್ಲಿ ಕೂತಿದ್ದು ದಂಡವಾಯ್ತು.”

ಹಾರ್ಲನ್ ತನ್ನ ಸಣ್ಣ ಪುಸ್ತಕ ಮಡಚಿ ಜೇಬಿಗಿಟ್ಟ.

“ಕೋಲ್ಬಿ ಯಾಕಪ್ಪಾ, ಚೆಂಡು ಎಸೆಯೋರು ನಮ್ಮಲ್ಲೇ ನಾಲ್ಕು ಜನ ಇದಾರೆ, ನಮ್ಮ ಕ್ಯಾಚರ್ ಬೆರಳು ಮುರ್ಕೊಂಡಾಗಿಂದ ಆ ಬಲೆ ಹಿಂದೆ ಕೂತು ನಾನು ನೋಡ್ತಿದ್ದದ್ದು ನಿನ್ನನ್ನ.”